ಎರಡನೇ ನಂಬರು

ಹಲ್ಲಿನ ಡಾಕ್ಟರನ್ನು ಕೊಲ್ಲಬೇಕೆಂದು ಅವನು ತೀರ್ಮಾನಿಸಿದ್ದು ಬಸ್ ನಿಲ್ದಾಣದಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ. ಅದಕ್ಕೂ ಹಿಂದಿನ ಒಂಬತ್ತು ವರ್ಷ ಆ ಮನುಷ್ಯನನ್ನು ಅವನು ಬರೀ ದ್ವೇಷಿಸಿಕೊಂಡಿದ್ದ. ದ್ವೇಷಿಸುವುದಕ್ಕೆ ಕೆಲಸಕ್ಕೆ ರಜೆ ಹಾಕಬೇಕಾಗಿಲ್ಲ.

ಅವತ್ತು ಮಗಳು ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ, ಬೆನ್ನು ತಿರುಗಿಸಿ ನಿಂತಿದ್ದಳು. ನೋಡಿ ಎರಡು ವರ್ಷವಾಗಿದ್ದರೂ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ಆ ಭಂಗಿಯನ್ನು ಅವನು ಎಲ್ಲಿದ್ದರೂ ಗುರುತಿಸುತ್ತಿದ್ದ. ಕರೆಯಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿರುವಾಗಲೇ ಅವಳು ಫೋನು ತೆಗೆದು, ಏನೋ ಒತ್ತಿ, ಕಿವಿಗಿಟ್ಟುಕೊಂಡು "ಹಲೋ ಅಪ್ಪಾ" ಎಂದಳು. ಅವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಜೇಬಿನಲ್ಲಿದ್ದ ಹಳೇ ಗುಂಡಿ ಫೋನು ತಣ್ಣಗೆ ಮಲಗಿತ್ತು.

"ಕನ್ನಡಕ ವಾಶ್‌ಬೇಸಿನ್ ಹತ್ರ ಇದೆ, ಮನೆಯೆಲ್ಲ ಹುಡುಕ್ಬೇಡಿ" ಎಂದು ಅವಳು ನಗುತ್ತಾ ಹೇಳಿದಳು. ಬಸ್ಸು ಬಂತು, ಹತ್ತಿ ಹೋದಳು. ಅವನು ಜೇಬಿನ ಮೇಲೆ ಕೈ ಇಟ್ಟುಕೊಂಡೇ ಇನ್ನೂ ಎರಡು ಬಸ್ಸು ಬಿಟ್ಟ. ಮೊದಲೆಲ್ಲ ಅವಳು ಆ ಮನುಷ್ಯನನ್ನು 'ಡಾಕ್ಟ್ರು' ಎನ್ನುತ್ತಿದ್ದಳು. ಹೆಂಡತಿ ಬಿಟ್ಟುಹೋದಾಗಲೂ ಅವನಿಗೆ ಇಷ್ಟು ನೋವಾಗಿರಲಿಲ್ಲ.

ಎಲ್ಲ ಶುರುವಾದದ್ದು ಅವನ ಬಾಯಿಂದಲೇ. ಕೆಳದವಡೆಯ ಎಡಗಡೆಯ ಹಲ್ಲು ಕೊಳೆತು, ಆರು ವಾರ ಆ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದ. ಜೊತೆಗೆ ಬರುತ್ತಿದ್ದ ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಬಾಯಿ ತೆರೆದವನು ಅವನು, ಮಾತಾಡಿದವರು ಅವರಿಬ್ಬರು. ಏಳನೇ ವಾರ ಹಲ್ಲು ಸರಿಹೋಯಿತು, ಎಂಟನೇ ತಿಂಗಳು ಹೆಂಡತಿ ಹದಿನಾಲ್ಕರ ಮಗಳನ್ನು ಕರೆದುಕೊಂಡು ಹೊರಟುಹೋದಳು. ಅಂದು ಹಾಕಿದ ಟೋಪಿ ಆ ಹಲ್ಲಿನ ಮೇಲೆ ಇವತ್ತಿಗೂ ಅಲುಗಿಲ್ಲ. ಕೆಲಸಗಾರ ಒಳ್ಳೆಯವನು, ಅಷ್ಟನ್ನು ಒಪ್ಪಬೇಕು.

ಎರಡು ವರ್ಷದ ಹಿಂದೆ ಹೆಂಡತಿ ಕಾಯಿಲೆಯಿಂದ ತೀರಿಕೊಂಡಾಗ, ಮಗಳು ಇನ್ನು ತನ್ನ ಹತ್ತಿರ ಬರುತ್ತಾಳೆಂದು ಅವನು ಮನೆಯ ಚಿಕ್ಕ ಕೋಣೆಗೆ ಸುಣ್ಣ ಹೊಡೆಸಿದ್ದ. ಬಂದವಳು ಹೊಸ್ತಿಲಲ್ಲೇ ನಿಂತು, "ಅವರು ಒಬ್ರೇ ಆಗ್ಬಿಡ್ತಾರೆ, ನಾನು ಅಲ್ಲೇ ಇರ್ತೀನಿ" ಎಂದಳು. ಒಬ್ಬರೇ ಆಗುವುದೆಂದರೆ ಏನೆಂದು ಏಳು ವರ್ಷ ಅಭ್ಯಾಸ ಮಾಡಿದವನ ಎದುರು ನಿಂತು ಹೇಳಿದ ಮಾತು ಅದು. "ಹಾಗಿದ್ರೆ ಈ ಕಡೆ ತಲೆ ಹಾಕ್ಬೇಡ" ಎಂದು ಅವನು ಬಾಗಿಲು ಹಾಕಿಕೊಂಡ. ಹೇಳಿದ ಮಾತು ಕೇಳುವ ಮಗಳು ಅವಳು. ತಲೆ ಹಾಕಲಿಲ್ಲ.

ಅವನು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತಾರು ವರ್ಷದಿಂದ ಅವನ ಹಗಲುಗಳು ಕಟ್ಟಡಗಳ ನೆತ್ತಿಯ ಮೇಲಿನ ಯಂತ್ರದ ಕೋಣೆಗಳಲ್ಲಿ ಕಳೆದಿವೆ. ಕೆಳಗೆ ಜನ ಒತ್ತಿಕೊಂಡು ಹತ್ತುತ್ತಾರೆ, ಇಳಿಯುತ್ತಾರೆ. ಅವರನ್ನು ಎತ್ತುವ ಹಗ್ಗದ ಪಕ್ಕ ಅವನೊಬ್ಬನೇ ಗ್ರೀಸಿನ ಡಬ್ಬಿ ಹಿಡಿದು ಕೂತಿರುತ್ತಾನೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕು ಒಂದು ಹಳೇ ಕಚೇರಿ ಕಟ್ಟಡದ ನಾಲ್ಕನೇ ಮಹಡಿಯಲ್ಲಿತ್ತು. ಆ ಲಿಫ್ಟನ್ನು ನೋಡಿಕೊಳ್ಳುತ್ತಿದ್ದದ್ದು ಬೇರೆ ಕಂಪನಿ, ಅದೂ ಕಾಟಾಚಾರಕ್ಕೆ. ಭಾನುವಾರ ಕಟ್ಟಡ ಖಾಲಿ. ಮೂರರ ಒಳಗೆ ಡಾಕ್ಟರು ಒಬ್ಬರೇ ಬಂದು, ನಾಲ್ಕರವರೆಗೆ ಹಲ್ಲಿನ ಸೆಟ್ಟುಗಳ ಅಚ್ಚು ತಿದ್ದುತ್ತಾ ಕೂರುತ್ತಿದ್ದರು. ಮೊಣಕಾಲು ನೋವು, ಮೆಟ್ಟಿಲು ಇಳಿಯುತ್ತಿರಲಿಲ್ಲ. ಲಿಫ್ಟಿನ ಬಾಗಿಲು ತೆರೆದು ಒಳಗೆ ಕಾಲಿಡುವಾಗ ಅವರ ಕಣ್ಣು ಯಾವಾಗಲೂ ಫೋನಿನಲ್ಲಿ ನೆಟ್ಟಿರುತ್ತಿತ್ತು. ಇದೆಲ್ಲ ಅವನು ಎದುರಿನ ಕಟ್ಟಡದ ಯಂತ್ರದ ಕೋಣೆಯ ಕಿಟಕಿಯಿಂದ ಐದು ಭಾನುವಾರ ನೋಡಿ ಬರೆದಿಟ್ಟುಕೊಂಡದ್ದು. ಬಾಗಿಲು ತೆರೆದಾಗ ಅಲ್ಲಿ ಲಿಫ್ಟಿನ ಪೆಟ್ಟಿಗೆ ಇರಬಾರದು, ಅಷ್ಟೇ.

ಹಳೇ ಲಿಫ್ಟು, ಸವೆದ ಕೊಂಡಿ, ಆರಿದ ದೀಪ. ಅಪಘಾತ ಎಂದು ಯಾರಾದರೂ ನಂಬುತ್ತಾರೆ. ಆದರೆ ಸತ್ತವರ ಹೆಂಡತಿಯ ಮೊದಲ ಗಂಡ ಲಿಫ್ಟ್ ಮೆಕ್ಯಾನಿಕ್ ಎಂದು ಗೊತ್ತಾದ ಮರುಕ್ಷಣ ಪೊಲೀಸರ ಕಿವಿ ನೆಟ್ಟಗಾಗುತ್ತದೆ. ಆದ್ದರಿಂದ ಹೋಗಿ ಬರುವ ಆ ಮೂರೂವರೆ ಗಂಟೆ ಅವನು ತನ್ನ ಮನೆಯಲ್ಲೇ ಇದ್ದನೆಂದು ಕಾಣಬೇಕಿತ್ತು. ಒಂಟಿ ಮನುಷ್ಯ ಮನೆಯಲ್ಲಿದ್ದ ಎನ್ನುವುದಕ್ಕೆ ಸಾಕ್ಷಿ ಯಾರು? ಅವನು ಬಹಳ ಯೋಚಿಸಿ, ತನಗೊಂದು ಸ್ಮಾರ್ಟ್‌ಫೋನು ಬೇಕೆಂಬ ನಿರ್ಧಾರಕ್ಕೆ ಬಂದ.

ಅಂಗಡಿಯ ಕೌಂಟರಿನ ಹುಡುಗಿಗೆ ಅವನಂಥ ಗಿರಾಕಿ ಅಪರೂಪ. ಉಳಿದವರು ಕಡಿಮೆಗೆ ಯಾವುದಿದೆ ಎಂದು ಕೇಳುತ್ತಾರೆ. ಇವನು ಪ್ರಿಪೇಯ್ಡೋ ಪೋಸ್ಟ್‌ಪೇಯ್ಡೋ, ಮನೆಯ ವೈಫೈಯೋ ಮೊಬೈಲ್ ಡೇಟಾವೋ, ಚಿಪ್ಪಿನ ಸಿಮ್ಮೋ ಇ-ಸಿಮ್ಮೋ ಎಂದು ಹೆಣ್ಣು ನೋಡಲು ಬಂದವನ ಹಾಗೆ ಒಂದೊಂದನ್ನೂ ವಿಚಾರಿಸಿದ.

"ಯಾರ ಜೊತೆ ಜಾಸ್ತಿ ಮಾತಾಡ್ತೀರಾ ಸಾರ್?" ಎಂದು ಅವಳು ಕೇಳಿದಳು.

"ಮಾತಾಡೋಕಲ್ಲ" ಎಂದ. "ಸಿನಿಮಾ ನೋಡೋಕೆ."

ತಲೆಯೊಳಗೆ ಲೆಕ್ಕಾಚಾರ ಬೇರೆಯೇ ನಡೆದಿತ್ತು. ಪಾತಕಿಗಳೆಲ್ಲ ಗುರುತು ಸಿಗದ ಸಿಮ್ಮಿಗಾಗಿ ಪರದಾಡುತ್ತಾರೆ. ಅವನಿಗೆ ಬೇಕಾದದ್ದು ಹೆಜ್ಜೆಹೆಜ್ಜೆಗೂ ಗುರುತು ಬಿಡುವ ಸಿಮ್ಮು. ಆದ್ದರಿಂದ ಪೋಸ್ಟ್‌ಪೇಯ್ಡ್: ತಿಂಗಳಿಗೊಮ್ಮೆ ಹೆಸರು ವಿಳಾಸ ಹೊತ್ತು ಬರುವ ಬಿಲ್ಲು. ವೈಫೈ ಬೇಡ, ಅದರ ಪೆಟ್ಟಿಗೆಗೆ ಮನೆ ಗೊತ್ತು, ಮನುಷ್ಯ ಗೊತ್ತಿಲ್ಲ. ಕರೆಂಟು ಹೋದರೆ ಅದೂ ಸತ್ತಂತೆ. ಮೊಬೈಲ್ ಡೇಟಾ ಆದರೆ ಮನೆಯ ಹಿಂದಿನ ಟವರು ನಿಮಿಷ ನಿಮಿಷಕ್ಕೂ ಅವನ ಹಾಜರಿ ಹಾಕಿಕೊಳ್ಳುತ್ತದೆ. ಚಿಪ್ಪಿನ ಸಿಮ್ಮನ್ನು ಯಾರು ಬೇಕಾದರೂ ಕಿತ್ತು ಇನ್ನೊಂದಕ್ಕೆ ಹಾಕಬಹುದು, ಇ-ಸಿಮ್ಮು ಫೋನಿನ ಹೊಟ್ಟೆಯೊಳಗೇ ಇರುತ್ತದೆ, ಹಳೇ ನಂಬರನ್ನೇ ಅದಕ್ಕೆ ಹಾಕಿಸಿಕೊಂಡರಾಯಿತು. ಇನ್ನುಳಿದದ್ದು ಡೇಟಾ. ದಿನಕ್ಕಿಷ್ಟು ಎಂದು ಮಿತಿ ಇರುವ ಪ್ಲಾನು ಎರಡನೇ ಸಿನಿಮಾದ ನಡುವೆ ಕೈಕೊಟ್ಟರೆ ಅವನ ಕಥೆಯೂ ಅಲ್ಲೇ ಮುಗಿಯುತ್ತದೆ. ಮಿತಿಯೇ ಇಲ್ಲದ್ದು ಬೇಕು.

"ಮಿತಿ ಇಲ್ದೇ ಇರೋದು ಫ್ಯಾಮಿಲಿ ಪ್ಲಾನಲ್ಲಿ ಮಾತ್ರ ಇದೆ ಸಾರ್" ಎಂದಳು ಹುಡುಗಿ. "ಎರಡು ನಂಬರ್ ಬೇಕು."

"ನಾನೊಬ್ನೇ ಇರೋದು."

"ಎರಡನೇ ನಂಬರ್ ಹಾಕ್ದಿದ್ರೆ ಸಿಸ್ಟಮ್ ಮುಂದಕ್ಕೇ ಹೋಗಲ್ಲ. ಹತ್ತಿರದವರು ಯಾರದ್ದಾದ್ರೂ ಕೊಡಿ, ಅವರು ಬಳಸಲೇಬೇಕು ಅಂತೇನಿಲ್ಲ. ನಿಮ್ಮದು ಈಗಲೇ ಚಾಲೂ ಆಗುತ್ತೆ. ಅವರದ್ದು ಮೂರನೇ ಬಿಲ್ ಕಟ್ಟಿದ್ಮೇಲೆ, ಅವರು ಒಪ್ಕೊಂಡ್ರೆ ಮಾತ್ರ."

ಅವನಿಗೆ 'ಈಗಲೇ' ಎಂಬ ಮಾತು ಸಾಕಾಗಿತ್ತು. ಅವಳ ಬೆರಳುಗಳು ಕೀಲಿಮಣೆಯ ಮೇಲೆ ಕಾಯುತ್ತಿದ್ದವು, ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಹತ್ತಿರದವರು ಯಾರೂ ಇಲ್ಲವೆಂದು ಆ ಎಳೆಯ ಹುಡುಗಿಗೆ ಹೇಳಲು ಅವನಿಗೆ ಎಲ್ಲಿಲ್ಲದ ನಾಚಿಕೆಯಾಯಿತು. ಬಾಯಿಪಾಠ ಬರುತ್ತಿದ್ದದ್ದು ಒಂದೇ ನಂಬರು, ಅದನ್ನೇ ಹೇಳಿದ.

"ಸಂಬಂಧ?"

"ಮಗಳು."

"ಹಾಗಾದ್ರೆ ಒಬ್ರೇ ಹೇಗಾಗ್ತೀರಾ ಸಾರ್" ಎಂದು ಅವಳು ನಗುತ್ತಾ ಸಹಿಗೆ ಕಾಗದ ಮುಂದೆ ತಳ್ಳಿದಳು. ಅವನು ಓದದೆ ಸಹಿ ಹಾಕಿದ. ಇಪ್ಪತ್ತಾರು ವರ್ಷದಲ್ಲಿ ಓದದೆ ಸಹಿ ಹಾಕಿದ ಮೊದಲ ಕಾಗದ ಅದು.

ಒಮ್ಮೆ ಮನೆಯಲ್ಲಿದ್ದರೆ ಸಾಲದು, ಮನೆಯಲ್ಲೇ ಇರುವವನು ಎನ್ನಿಸಿಕೊಳ್ಳಬೇಕು. ಅದಕ್ಕಾಗಿ ಮೂರು ತಿಂಗಳಿನ ತಾಲೀಮು ಹಾಕಿಕೊಂಡ. ಪ್ರತಿ ಭಾನುವಾರ ಒಂದೂವರೆಗೆ ಫೋನನ್ನು ಮೇಜಿನ ಮೇಲೆ ಲೋಟಕ್ಕೆ ಒರಗಿಸಿ ಚಾರ್ಜರ್ ಚುಚ್ಚಿ ಸಿನಿಮಾ ಹಚ್ಚುತ್ತಿದ್ದ. ಒಂದು ಮುಗಿದರೆ ತಾನಾಗಿ ಇನ್ನೊಂದು. ನಾಲ್ಕು ಗಂಟೆ ಯಾರೂ ಮುಟ್ಟದಿದ್ದರೆ 'ಇನ್ನೂ ನೋಡುತ್ತಿದ್ದೀರಾ' ಎಂದು ಅದು ಕೇಳುತ್ತದೆ ಎಂಬುದನ್ನೂ ಅವನು ಕಂಡುಕೊಂಡಿದ್ದ. ಅವನ ಕೆಲಸಕ್ಕೆ ಬೇಕಾದದ್ದು ಮೂರೂವರೆ ಗಂಟೆ. ಇಡೀ ವಾರದಲ್ಲಿ ಅವನು ಇದ್ದಾನೋ ಇಲ್ಲವೋ ಎಂದು ವಿಚಾರಿಸುವುದು ಅದೊಂದೇ ಎಂಬುದು ಬೇರೆ ಮಾತು.

ಎದುರು ಮನೆಯಲ್ಲಿ ಒಬ್ಬ ನಿವೃತ್ತ ನರ್ಸಮ್ಮ ಇದ್ದರು. ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ಎರಡನೇ ಭಾನುವಾರವೇ ಬಾಗಿಲು ತಟ್ಟಿ, "ಇದೇನ್ರೀ, ಮನೇನ ಟಾಕೀಸ್ ಮಾಡಿದ್ದೀರಾ?" ಎಂದರು. ಅವನಿಗೆ ಖುಷಿಯಾಯಿತು. ಸಾಕ್ಷಿ ತಾನಾಗಿ ನಡೆದುಬಂದಿತ್ತು. ಅಂದಿನಿಂದ ಶಬ್ದವನ್ನು ಅವರಿಗೆ ಕೇಳಿಸುವಷ್ಟು, ಆದರೆ ರೇಗಿಸದಷ್ಟು ಇಟ್ಟ. "ಪಾಪ, ಭಾನುವಾರ ಪೂರ್ತಿ ಸಿನಿಮಾ ಹಾಕ್ಕೊಂಡು ಒಬ್ರೇ ಕೂತಿರ್ತಾರೆ" ಎಂದು ಅವರು ಕೆಳಮನೆಯ ಬಡಗಿಗೆ ಹೇಳುವುದು ಒಮ್ಮೆ ಕಿವಿಗೆ ಬಿತ್ತು. ಯೋಜನೆಗೆ ಇದಕ್ಕಿಂತ ಒಳ್ಳೆಯ ಮಾತು ಬೇಕಿರಲಿಲ್ಲ, ಆದರೂ ಅವತ್ತು ಅವನಿಗೆ ಊಟ ಸೇರಲಿಲ್ಲ.

ತಾಲೀಮಿನ ಭಾನುವಾರಗಳಲ್ಲಿ ಅವನು ನಿಜವಾಗಿಯೂ ಕೂತು ನೋಡುತ್ತಿದ್ದ. ನಗು ಬಂದಾಗ ಪಕ್ಕಕ್ಕೆ ತಿರುಗುತ್ತಿದ್ದ, ಅಲ್ಲಿ ಸುಣ್ಣ ಹೊಡೆಸಿದ ಕೋಣೆಯ ಬಾಗಿಲು ಮಾತ್ರ ಇರುತ್ತಿತ್ತು. ಫೋನು ರಿಂಗಾದರೆ ಎಂಬ ಪ್ರಶ್ನೆಯನ್ನೂ ಅವನು ಬಿಟ್ಟಿರಲಿಲ್ಲ. ಮೂರು ತಿಂಗಳಲ್ಲಿ ಭಾನುವಾರ ಬಂದ ಕರೆ ಒಂದು, ಅದೂ ರಾಂಗ್ ನಂಬರು. ಬಂದರೂ ನಿದ್ದೆ ಹೋಗಿದ್ದೆ ಎಂದರಾಯಿತು.

ಮೂರನೇ ಬಿಲ್ಲು ಶುಕ್ರವಾರ ಬಂತು. ಅದೇ ದಿನ ಕಟ್ಟಿಬಿಟ್ಟ. ಇಂಥ ಸಮಯದಲ್ಲಿ ಯಾವುದರಲ್ಲೂ ಬಾಕಿ ಇರಬಾರದು, ಒಳ್ಳೆಯ ನಾಗರಿಕನ ಹಾಗೆ ಕಾಣಬೇಕು.

ಆ ಭಾನುವಾರ ಒಂದೂ ನಲವತ್ತಕ್ಕೆ, ನರ್ಸಮ್ಮ ಊಟ ಮುಗಿಸಿ ಅಡ್ಡಾಗುವ ಹೊತ್ತಿಗೆ, ಸಿನಿಮಾ ಹಚ್ಚಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹಿಂದಿನ ಮೆಟ್ಟಿಲಿನಿಂದ ಇಳಿದ. ಕ್ಯಾಮೆರಾ ಇಲ್ಲದ ಗಲ್ಲಿಗಳನ್ನು ಹಿಡಿದು ಎಪ್ಪತ್ತು ನಿಮಿಷ ನಡೆದ. ಜೇಬಿನಲ್ಲಿ ಫೋನಿಲ್ಲದೆ ಎದೆಯ ಒಂದು ಬದಿ ಹಗುರವಾಗಿ, ವಿಚಿತ್ರವೆನಿಸುತ್ತಿತ್ತು. ಮೂರು ತಿಂಗಳಲ್ಲಿ ಹೊಸ ಫೋನಿನ ಭಾರಕ್ಕೂ ಹೊಂದಿಕೊಂಡುಬಿಟ್ಟಿದ್ದ.

ಕಟ್ಟಡ ಖಾಲಿ. ನಾಲ್ಕನೇ ಮಹಡಿಯ ಕ್ಲಿನಿಕ್ಕಿನ ಗಾಜಿನ ಹಿಂದೆ ದೀಪ ಉರಿಯುತ್ತಿತ್ತು, ಅಚ್ಚು ಉಜ್ಜುವ ಸಣ್ಣ ಸದ್ದು. ಲಿಫ್ಟಿನ ಪೆಟ್ಟಿಗೆಯನ್ನು ನೆತ್ತಿಗೆ ಕಳಿಸಿ, ನಾಲ್ಕನೇ ಮಹಡಿಯ ಬಾಗಿಲು ಎಳೆದರೆ ತೆರೆಯುವಂತೆ ಮಾಡಿ, ಕಾರಿಡಾರಿನ ಬಲ್ಬನ್ನು ಅರ್ಧ ಸುತ್ತು ಸಡಿಲಿಸಲು ಅವನಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಮುಗಿದಾಗ ಅವನ ಎಡಗೈ ಪಕ್ಕದಲ್ಲಿ ಏನನ್ನೋ ಹುಡುಕುತ್ತಿತ್ತು. 'ರಿಪೇರಿ ನಡೆಯುತ್ತಿದೆ' ಎಂಬ ಹಳದಿ ಬೋರ್ಡು. ಅದನ್ನು ಇಡದೆ ಅವನು ಒಂದು ದಿನವೂ ಲಿಫ್ಟಿನ ಬಾಗಿಲು ಬಿಚ್ಚಿದವನಲ್ಲ. ಕೈಯನ್ನು ಜೇಬಿಗೆ ತುರುಕಿ, ಮೇಲಿನ ಮೆಟ್ಟಿಲ ತಿರುವಿನಲ್ಲಿ ಕುಳಿತ. ನಾಲ್ಕು ಗಂಟೆಯವರೆಗೆ ಕಾಯಬೇಕಿತ್ತು.

ಆದರೆ ಮೂರೂ ಇಪ್ಪತ್ತಕ್ಕೇ ಒಳಗೆ ಕುರ್ಚಿ ಸರಿಯಿತು. ಕ್ಲಿನಿಕ್ಕಿನ ಬಾಗಿಲು ದಡಕ್ಕನೆ ತೆರೆದು, ಡಾಕ್ಟರು ಬಿಳಿ ಕೋಟನ್ನೂ ಬಿಚ್ಚದೆ ಹೊರಬಂದರು. ಬೀಗ ಹಾಕಲಿಲ್ಲ. ಫೋನು ಕಿವಿಗಂಟಿತ್ತು. "ಹೆದರ್ಬೇಡ, ಹೆದರ್ಬೇಡ" ಎನ್ನುತ್ತಾ ಕುಂಟುಗಾಲಿನಲ್ಲಿ ಓಡಿದಂತೆ ನಡೆದರು. "ಬಾಗಿಲು ಒಡಿಸಿಬಿಡು. ನಾನು ಬಂದೆ, ಹತ್ತೇ ನಿಮಿಷ."

ಯಾರೋ ರೋಗಿಯ ಮನೆಯವರಿರಬೇಕು ಎಂದುಕೊಂಡ ಅವನು. ಹಲ್ಲಿನ ಡಾಕ್ಟರನ್ನೂ ಜನ ಡಾಕ್ಟರೆಂದೇ ಕರೆಯುತ್ತಾರಲ್ಲ. ಒಂದು ಕ್ಷಣ, ಆ ದನಿಯಲ್ಲಿದ್ದ ಕಳವಳ ಕೇಳಿ, ಗಂಟಲಲ್ಲಿ 'ನಿಲ್ಲಿ' ಎಂಬ ಮಾತು ಎದ್ದಿತು. ಬಸ್ ನಿಲ್ದಾಣ ನೆನಪಾಯಿತು. ಮಾತನ್ನು ನುಂಗಿಕೊಂಡ. ಲಿಫ್ಟಿನ ಬಾಗಿಲು ಕಿರುಗುಟ್ಟಿತು. ಆಮೇಲೆ ಹೆಜ್ಜೆಯ ಸದ್ದು ಇರಲಿಲ್ಲ. ಬಹಳ ಕೆಳಗಿನಿಂದ ಒಂದೇ ಒಂದು ಸದ್ದು ಬಂತು.

ಅಪಘಾತದಂತೆ ಕಾಣಲು ಉಳಿದಿದ್ದ ಎರಡು ನಿಮಿಷದ ಕೆಲಸ ಮುಗಿಸಿ, ಬಲ್ಬು ಬಿಗಿಮಾಡದೆ ಬಿಟ್ಟು, ಅದೇ ಗಲ್ಲಿಗಳಲ್ಲಿ ವಾಪಸು ನಡೆದ. ನಿರಾಳವಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ, ಬರೀ ಸುಸ್ತಾಗಿತ್ತು. ಆದರೂ ಮನಸ್ಸು ಒಂದೊಂದೇ ಕೊಂಡಿಯನ್ನು ಎಳೆದು ನೋಡಿತು, ಎಲ್ಲವೂ ಬಿಗಿಯಾಗಿದ್ದವು. ಟವರು ಹಾಜರಿ ಹಾಕಿದೆ. ಸಿನಿಮಾ ಓಡುತ್ತಿದೆ. ನರ್ಸಮ್ಮ ಕೇಳಿಸಿಕೊಂಡಿದ್ದಾರೆ. ಇನ್ನು ಮಗಳು ಒಬ್ಬಳೇ ಆಗುತ್ತಾಳೆ. ಒಂದು ತಿಂಗಳು ಬಿಟ್ಟು ಹೋಗಿ, ಬಾರಮ್ಮ ಮನೆಗೆ ಎನ್ನಬೇಕು. ಆ ವಾಕ್ಯವನ್ನು ದಾರಿಯುದ್ದಕ್ಕೂ ನಾಲ್ಕಾರು ರೀತಿಯಲ್ಲಿ ಹೇಳಿ ನೋಡಿದ.

ನಾಲ್ಕೂ ನಲವತ್ತೈದಕ್ಕೆ ಹಿಂದಿನ ಮೆಟ್ಟಿಲು ಹತ್ತಿ ಬಂದಾಗ ಅವನ ಮನೆಯ ಬಾಗಿಲು ತೆರೆದಿತ್ತು. ಬೀಗದ ಸುತ್ತ ಮರ ಸೀಳಿತ್ತು. ಬಡಗಿ ಉಳಿ ಹಿಡಿದು ನಿಂತಿದ್ದ. ಒಳಗೆ ಲೋಟಕ್ಕೆ ಒರಗಿದ ಫೋನಿನಲ್ಲಿ ಸಿನಿಮಾ ಇನ್ನೂ ಓಡುತ್ತಿತ್ತು, ಅದರ ಮುಂದೆ ಅವನ ಕುರ್ಚಿಯಲ್ಲಿ ಮಗಳು ಕೂತಿದ್ದಳು.

ಅವಳು ಎದ್ದು ಬಂದು ಅವನನ್ನು ತಬ್ಬಿಕೊಂಡು ಅತ್ತಳು. "ಎಲ್ಲಿ ಹೋಗಿದ್ರಿ ಅಪ್ಪಾ" ಎಂದಳು. ಅಪ್ಪಾ ಎಂಬ ಆ ಮಾತು ಅವನ ಎದೆಗೇ ತಗಲಿತು.

"ನಮ್ಮ ಜೀವ ಹಾರಿಹೋಗಿತ್ತು ಕಣ್ರೀ" ಎಂದರು ನರ್ಸಮ್ಮ. "ಈ ಹುಡುಗಿ ಮೂರು ಗಂಟೆಯಿಂದ ಬಾಗಿಲು ತಟ್ತಾ ಇದ್ಳು. ಫೋನ್ ಮಾಡಿದ್ರೆ ಒಳಗೇ ರಿಂಗಾಗುತ್ತೆ, ಸಿನಿಮಾ ಕೇಳಿಸುತ್ತೆ, ನೀವು ಮಾತ್ರ ತೆಗೀತಿಲ್ಲ. ಬಿದ್ದುಬಿಟ್ಟಿದ್ದಾರೆ ಅಂತ ನಾನೇ ಹೇಳಿದ್ದು. ಮೂರೂ ಇಪ್ಪತ್ತೆರಡಕ್ಕೆ ಒಡೆದ್ವಿ, ಗಡಿಯಾರ ನೋಡಿ ಬರ್ಕೊಂಡಿದ್ದೀನಿ, ಹಳೇ ಅಭ್ಯಾಸ. ನೋಡಿದ್ರೆ ಮನೇಲಿ ನೀವೇ ಇಲ್ಲ."

"ಡಾಕ್ಟ್ರಿಗೂ ಫೋನ್ ಮಾಡಿದ್ದೆ" ಎಂದಳು ಮಗಳು, ಕಣ್ಣೊರೆಸಿಕೊಳ್ಳುತ್ತಾ. "ನಿಮ್ಮಪ್ಪಂಗೆ ಏನೂ ಆಗಿರಲ್ಲ, ಬಾಗಿಲು ಒಡಿಸಿಬಿಡು, ನಾನು ಬಂದೆ ಅಂದ್ರು. ಮಾತಾಡ್ತಾ ಇದ್ದ ಹಾಗೇ ಕಟ್ ಆಯ್ತು. ಆಗಿಂದ ತೆಗೀತಾನೇ ಇಲ್ಲ. ನಂಗ್ಯಾಕೋ ಭಯ ಆಗ್ತಿದೆ ಅಪ್ಪಾ, ಕ್ಲಿನಿಕ್ಕಿಗೆ ಹೋಗಿ ನೋಡ್ಕೊಂಡು ಬರೋಣ ಬನ್ನಿ."

ಅವನ ಎಡಗಡೆಯ ಹಲ್ಲುಗಳು ಒಂದರ ಮೇಲೊಂದು ಬಿಗಿದಿದ್ದವು. ಕೇಳುವುದಕ್ಕೆ ಒಂದೇ ಪ್ರಶ್ನೆ ಉಳಿದಿತ್ತು. "ನೀನು... ಇವತ್ತು ಹೇಗೆ?"

"ನೀವೇ ಕರೆದು ನೀವೇ ಕೇಳ್ತೀರಲ್ಲ" ಎಂದು ಅವಳು ಅಳುವಿನ ನಡುವೆಯೇ ನಕ್ಕು, ತನ್ನ ಫೋನನ್ನು ಅವನ ಕಣ್ಣ ಮುಂದೆ ಹಿಡಿದಳು. ಶನಿವಾರ ಬೆಳಿಗ್ಗೆ ಕಂಪನಿಯಿಂದ ಬಂದ ಎರಡು ಸಾಲಿನ ಮೆಸೇಜು: 'ನಿಮ್ಮ ತಂದೆಯವರು ನಿಮ್ಮನ್ನು ತಮ್ಮ ಕುಟುಂಬಕ್ಕೆ ಸೇರಿಸಿಕೊಳ್ಳಲು ಬಯಸಿದ್ದಾರೆ. ಒಪ್ಪಿಗೆ ಇದ್ದರೆ 1 ಒತ್ತಿ.' ಅವಳು ಅವನ ತಣ್ಣಗಾದ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ನಿನ್ನೇನೇ ಒತ್ತಿದೆ ಅಪ್ಪಾ" ಎಂದಳು.